ಬೆಂಗಳೂರಿನ ಸಂಗೀತ ಯಾರ ದುಡ್ಡಲ್ಲಿ ಬೆಳೆಯಿತು? ಅರಮನೆಯದ್ದಾ, ಚಂದಾದ್ದಾ?

ಚಾಮರಾಜಪೇಟೆ ಐದನೇ ಮೈನ್:
ಮೊನ್ನೆ ಮೈಸೂರಿನಿಂದ ಸೋದರಮಾವ ಬಂದಿದ್ದರು. ಊಟಕ್ಕೆ ಕೂತ ಮೇಲೆ ಎಂದಿನ ಹಾಗೆ ಶುರುವಾಯಿತು. "ನಿಮ್ಮ ಬೆಂಗಳೂರಿಗೆ ಸಂಗೀತ ಎಲ್ಲಿಂದ ಬರಬೇಕು? ವೀಣೆ ಶೇಷಣ್ಣನವರು ನಮ್ಮವರು, ವಾಸುದೇವಾಚಾರ್ಯರು ನಮ್ಮವರು, ಪಿಟೀಲಿನ ಚೌಡಯ್ಯನವರೂ ನಮ್ಮವರೇ. ನೀವು ಅವರ ಹೆಸರಲ್ಲಿ ಪಿಟೀಲಿನ ಆಕಾರದಲ್ಲಿ ಒಂದು ಕಟ್ಟಡ ಕಟ್ಟಿಕೊಂಡಿರಿ ಅಷ್ಟೇ" ಅಂದರು. ಮಾವ ತಾನೇ, ಸಾರನ್ನ ಕಲಸಿಕೊಂಡು ಸುಮ್ಮನಾದೆ. ಆದರೆ ಎರಡು ದಿನದಿಂದ ಅದೇ ತಲೆ ಕೊರೆಯುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಮಾವ ಹೇಳಿದ್ದು ಸುಳ್ಳೇನಲ್ಲ. ಮೈಸೂರಿನಲ್ಲಿ ಅರಮನೆ ಇತ್ತು, ಆಸ್ಥಾನ ವಿದ್ವಾನ್ ಅಂತ ಪದವಿ ಇತ್ತು, ಸಂಬಳ ಇತ್ತು, ದಸರಾಗೆ ಶಾಲು ಇತ್ತು. ನಮ್ಮ ಊರಲ್ಲಿ ಏನಿತ್ತು? 1537ರಲ್ಲಿ ಕೆಂಪೇಗೌಡರು ಕಟ್ಟಿದ್ದು ಪೇಟೆ. ಬಳೇಪೇಟೆ, ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ. ಹೆಸರಲ್ಲೇ ವ್ಯಾಪಾರ. ಇಲ್ಲಿ ಹಾಡು ಕೇಳಬೇಕು ಅನ್ನಿಸಿದರೆ ನಾಲ್ಕು ಜನ ಸೇರಿ ಜೇಬಿಗೆ ಕೈ ಹಾಕಬೇಕಿತ್ತು. ಗಾಯನ ಸಮಾಜ ಅನ್ನುವ ಸಂಗೀತ ಸಭಾ ಶುರುವಾಗಿದ್ದು 1905ರಲ್ಲಿ. ನಮ್ಮ ಚಾಮರಾಜಪೇಟೆಯ ರಾಮಸೇವಾ ಮಂಡಳಿಯನ್ನ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರು ಮಾಡಿದರು. 1898ರ ಪ್ಲೇಗಿನಲ್ಲಿ ಜನ ಪೇಟೆ ಬಿಟ್ಟು ಓಡಿದರಲ್ಲ, ಆಮೇಲೆ ಬಸವನಗುಡಿ, ಮಲ್ಲೇಶ್ವರ ಎದ್ದವು. ಹೊಸ ಬಡಾವಣೆ, ಗುರುತಿಲ್ಲದ ನೆರೆಹೊರೆ. ಪರಿಚಯ ಆಗೋದು ಹೇಗೆ? ಒಂದು ರಾಮಮಂದಿರ, ಒಂದು ಭಜನೆ ಮಂಡಳಿ, ಒಂದು ರಸೀದಿ ಪುಸ್ತಕ. ನನ್ನ ಪ್ರಕಾರ ಬೆಂಗಳೂರಿನ ಸಂಗೀತ ಅಂದರೆ ಚಂದಾ ಎತ್ತಿದ ಸಂಗೀತ. ಹಗಲು ಆಫೀಸಿಗೆ ಹೋಗಿ ಸಂಜೆ ಮಂಡಳಿ ಕೆಲಸ ಮಾಡಿದವರು ಕಟ್ಟಿದ್ದು.

ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗೆ ನಾವು ಟಿಕೆಟ್ ತೆಗೆದುಕೊಂಡು ಹೋಗಿದ್ದು ನೆನಪಿಲ್ಲ. ಅಪ್ಪ ಹಳೇ ಪೇಪರು ಹಾಸಿ ಕಾಂಪೌಂಡಿನ ಆಚೆ ಫುಟ್‌ಪಾತಿನ ಮೇಲೆ ಕೂರಿಸುತ್ತಿದ್ದರು. ಅಮ್ಮನ ಚೀಲದಲ್ಲಿ ಫ್ಲಾಸ್ಕು. ಪಕ್ಕದಲ್ಲಿ ಆಟೋದವರು ಎಂಜಿನ್ ಆಫ್ ಮಾಡಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೇಳುತ್ತಿದ್ದರು. ತನಿ ಆವರ್ತನ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಶುರುವಾಗುತ್ತಿದ್ದ ಹಾಗೇ ಒಳಗೆ ಕುರ್ಚಿಯಲ್ಲಿದ್ದವರು ಎದ್ದು ಕಾಫಿ, ಬೋಂಡಾ ಅಂತ ಆಚೆ ಬರುತ್ತಿದ್ದರು. ಫುಟ್‌ಪಾತಿನವರು ಮಾತ್ರ ಅಲ್ಲಾಡುತ್ತಿರಲಿಲ್ಲ. ಎದ್ದರೆ ಜಾಗ ಹೋಗುತ್ತದೆ! ಹಾಗಾಗಿ ಮೃದಂಗವನ್ನ ಪೂರ್ತಿ ಕೇಳಿದವರು ಕಾಸು ಕೊಡದವರೇ.

ಸರಿ, ನಿಮಗೆ ಏನನ್ನಿಸುತ್ತದೆ?

ಬಳೇಪೇಟೆ ಮೃದಂಗ:
ತನಿಗೆ ಎದ್ದು ಹೋಗುವವರ ಬಗ್ಗೆ ಬರೆದದ್ದಕ್ಕೆ ನನ್ನ ಕಡೆಯಿಂದ ಒಂದು ಕಾಫಿ ನಿಮಗೆ. ಹದಿನೈದು ವರ್ಷದಿಂದ ನುಡಿಸುತ್ತಿದ್ದೇನೆ, ನನ್ನ ತನಿಯಲ್ಲಿ ಜಾಸ್ತಿ ನೋಡಿದ್ದು ಜನರ ಬೆನ್ನನ್ನೇ.

ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳ ಸಾಲು ಇದೆಯಲ್ಲ, ಅಲ್ಲಿ ಒಂದು ಗಂಟೆ ಸುಮ್ನೆ ನಿಂತರೆ ಸಾಕು, ಊರಿನ ಸಂಗೀತ ಪೂರ್ತಿ ಗೊತ್ತಾಗುತ್ತದೆ. ಹೋದ ತಿಂಗಳು ಮೃದಂಗದ ಬಲಮುಚ್ಚಳಕ್ಕೆ ಕರಣೆ (ನಡುವಿನ ಕಪ್ಪು ಲೇಪ) ಹಾಕಿಸಲು ಕೊಟ್ಟು ಕಾಯುತ್ತಿದ್ದೆ. ಒಬ್ಬರು ಮಗಳಿಗೆ ಶ್ರುತಿ ಪೆಟ್ಟಿಗೆ ಕೇಳುತ್ತಿದ್ದರು. ಇನ್ನೊಬ್ಬ ಗಿಟಾರ್ ತಂತಿ. ಚರ್ಚಿನವರು ಹಾರ್ಮೋನಿಯಂ ರಿಪೇರಿಗೆ ತಂದಿದ್ದರು. ಬ್ಯಾಂಡ್ ಸೆಟ್ಟಿನ ಮುದುಕರೊಬ್ಬರು ಟ್ರಂಪೆಟ್ಟಿನ ವಾಲ್ವಿಗೆ ಎಣ್ಣೆ ಬಿಟ್ಟು ಬಿಟ್ಟು ಒತ್ತಿ ನೋಡುತ್ತಿದ್ದರು. ಅಂಗಡಿಯವರು ಒಬ್ಬರ ಹತ್ತಿರ ತಮಿಳು, ಒಬ್ಬರ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ. ನಾವ್ಯಾರೂ ಒಬ್ಬರ ಕಛೇರಿಗೆ ಇನ್ನೊಬ್ಬರು ಹೋದವರಲ್ಲ. ವಾದ್ಯ ಕೆಟ್ಟಾಗ ಮಾತ್ರ ಒಟ್ಟಿಗೆ ನಿಲ್ಲುತ್ತೇವೆ.

ಕಾಕ್ಸ್‌ಟೌನ್ ಬೇಸ್ ಗಿಟಾರ್:
ಎಲ್ಲಾ ಸರಿ ಗುರು, ಆದರೆ ನೀನು ಬರೆದದ್ದು ಅರ್ಧ ಊರಿನ ಕಥೆ. ಕಬ್ಬನ್ ಪಾರ್ಕಿನ ಈಚೆ ಕಡೆ ಬಂದೇ ಇಲ್ಲ ನೀನು.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ಎಬ್ಬಿಸಿಕೊಂಡು ಬಂದು ಇಲ್ಲಿ ದಂಡು ಮಾಡಿದರು. ದಂಡಿನ ಹಿಂದೆ ಅಡುಗೆಯವರು, ದರ್ಜಿಗಳು, ತಮಿಳರು, ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ಎಲ್ಲಾ ಬಂದರು. ಬ್ಯಾಂಡೂ ಬಂತು. ಪಲ್ಟನ್ ಅಂದ ಮೇಲೆ ಬ್ಯಾಂಡ್ ಇರಲೇಬೇಕು. ಕಬ್ಬನ್ ಪಾರ್ಕಿನಲ್ಲಿ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಈಗಲೂ ಇದೆ, ಹೋಗಿ ನೋಡಿ. ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿ. ಎರಡೂ ಒಂದಾಗಿದ್ದು 1949ರಲ್ಲಿ. ಅಲ್ಲಿಯವರೆಗೆ ಆ ಪಾರ್ಕು ಅತ್ತೆ ಸೊಸೆ ನಡುವಿನ ಅಡುಗೆಮನೆ ಬಾಗಿಲ ಥರ ಇತ್ತು.

ನಮ್ಮ ತಾತ ಮಿಲಿಟರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ರಿಟೈರ್ ಆದ ಮೇಲೆ ಶಿವಾಜಿನಗರದ ಒಂದು ಮದುವೆ ಬ್ಯಾಂಡಿಗೆ ಸೇರಿದರು. ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಹಿಮ್ನು, ಸಂಜೆ ಯಾರದೋ ಮೆರವಣಿಗೆಯಲ್ಲಿ ಸಿನಿಮಾ ಹಾಡು. ಸೆಪ್ಟೆಂಬರ್ 8ರ ಸೇಂಟ್ ಮೇರಿ ಹಬ್ಬಕ್ಕೆ ಇಡೀ ಶಿವಾಜಿನಗರ ತೇರಿನ ಹಿಂದೆ. ಕನ್ನಡ ಓದಲು ಬರದ ನಮ್ಮ ತಾತನಿಗೆ ಸ್ಟಾಫ್ ನೊಟೇಷನ್ ಓದಲು ಬರುತ್ತಿತ್ತು. ನಮ್ಮ ಅಪ್ಪನಿಗೆ ಗಿಟಾರ್ ಕಲಿಸಿದ್ದು ಅವರು, ನನಗೆ ಕಲಿಸಿದ್ದು ಅಪ್ಪ. ಎಂಬತ್ತರ ದಶಕದ ಕೊನೆಗೆ ಪಬ್‌ಗಳು ಬಂದವು, ಪೆಕೋಸ್ 1989ರದ್ದು. ಜನ ಹೇಳುತ್ತಾರೆ ಪಬ್ಬಿನಿಂದ ರಾಕ್ ಬಂತು ಅಂತ. ಇಲ್ಲ ಮಚ್ಚಾ. ರಾಕ್ ಕೇಳುವವರು ಮೊದಲೇ ಇದ್ದರು, ಅವರಿಗೆ ಕೂರಲು ಒಂದು ಬೆಂಚು ಸಿಕ್ಕಿತು ಅಷ್ಟೇ.

ಆದರೆ ನಿನ್ನ ಚಂದಾ ಮಾತು ಮಾತ್ರ ನಮಗೂ ಒಪ್ಪುತ್ತದೆ. 1996ರಿಂದ ಆಗಸ್ಟ್ ಬಂದರೆ ಫ್ರೀಡಂ ಜ್ಯಾಮ್ ಅಂತ ಬ್ಯಾಂಡುಗಳ ಹಬ್ಬ ನಡೆಯುತ್ತಿತ್ತು, ಟಿಕೆಟ್ ಇಲ್ಲ. ಅದೇ ವರ್ಷ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಅನ್ನೋ ನಮ್ಮೂರ ರಾಕ್ ಬ್ಯಾಂಡ್ ಶುರುವಾಗಿದ್ದು. ನಮ್ಮ ಬ್ಯಾಂಡಿನಲ್ಲಿ ನಾಲ್ಕು ಜನ, ನಾಲ್ವರಿಗೂ ಹಗಲು ಕೆಲಸ. ಡ್ರಮ್ ಸೆಟ್ ಇಎಂಐ ಇನ್ನೂ ಮುಗಿದಿಲ್ಲ.

ವಿಲ್ಸನ್ ಗಾರ್ಡನ್ ವೀಕ್ಷಕ:
ಅತ್ತೆ ಸೊಸೆ ಹೋಲಿಕೆಗೆ ಹತ್ತಕ್ಕೆ ಹತ್ತು.

ದೂರವಾಣಿನಗರ ಕ್ವಾರ್ಟರ್ಸ್:
ಆಫೀಸು ಮುಗಿಸಿ ಬಂದವರ ಸಂಗೀತ ಅಂದಿರಲ್ಲ, ಅದಕ್ಕೆ ನನ್ನದೂ ಒಂದು ಸಾಕ್ಷಿ. ನಾನು ಟೆಲಿಫೋನು ಮಾಡುವ ಐಟಿಐ ಕಾರ್ಖಾನೆಯವರ ಮಗಳು. ಸಿ. ಅಶ್ವಥ್ ಅವರು ಐಟಿಐನಲ್ಲಿ ಕೆಲಸ ಮಾಡುತ್ತಿದ್ದವರು ಅಂತ ಎಷ್ಟು ಜನರಿಗೆ ಗೊತ್ತು? ಟೆಲಿಫೋನು ತಯಾರಾಗುವ ಕಡೆ ಹಗಲಿಡೀ ಇದ್ದು, ಸಂಜೆ ನಾಟಕಕ್ಕೆ, ಕವಿಗಳ ಪದ್ಯಕ್ಕೆ ರಾಗ ಹಾಕಿದವರು. ಗಾಯಕ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಭಾವಗೀತೆ ಅನ್ನೋದನ್ನ ಬೆಳೆಸಿದವರಲ್ಲಿ ಎಷ್ಟೋ ಜನರಿಗೆ ಬೇರೆ ಒಂದು ಹಾಜರಿ ಪುಸ್ತಕ ಇತ್ತು.

ಎಚ್‌ಎಎಲ್ 1940ರಲ್ಲಿ ಬಂತು, ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ. ಎಲ್ಲೆಲ್ಲಿಂದಲೋ ಜನ ಬಂದು ಸೇರಿದರು. ಕ್ವಾರ್ಟರ್ಸಿನಲ್ಲಿ ಕೆಳಗಿನ ಮನೆಯಲ್ಲಿ ಮಲಯಾಳಿಗಳು, ಮೇಲೆ ಧಾರವಾಡದವರು, ಎದುರಿಗೆ ತೆಲುಗಿನವರು. ಧಾರವಾಡದ ಕಾಕಾ ಬೆಳಗ್ಗೆ ಐದಕ್ಕೇ ತಾನ್‌ಪುರಾ ಹಿಡಿಯುತ್ತಿದ್ದರು. ಅಮ್ಮ ಬೈದುಕೊಳ್ಳುತ್ತಲೇ ಎದ್ದು ಹಾಲು ಕಾಯಿಸುತ್ತಿದ್ದಳು. ಒಂದು ದಿನ ಅವರು ಊರಿಗೆ ಹೋದಾಗ ನಾವೆಲ್ಲಾ ಆರೂವರೆಗೆ ಎದ್ದು, ಅಪ್ಪನಿಗೆ ಫಸ್ಟ್ ಶಿಫ್ಟಿನ ಬಸ್ಸು ತಪ್ಪಿತು. ಅಲಾರಾಂ ಅವರೇ ಆಗಿದ್ದರು.

ಮತ್ತೆ ರೇಡಿಯೋ. ಬೆಂಗಳೂರು ಆಕಾಶವಾಣಿ ಶುರುವಾಗಿದ್ದು 1955ರ ನವೆಂಬರಿನಲ್ಲಿ. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು, ಗಾಯಕ ಆರ್.ಕೆ. ಶ್ರೀಕಂಠನ್ ಅವರಂಥವರು ಅಲ್ಲಿ ನೌಕರಿ ಮಾಡಿದರು. ನಿಮ್ಮ ಮೈಸೂರು ಮಾವನಿಗೆ ಹೇಳಿ, ಅರಮನೆಯ ಸಂಬಳ ನಿಂತ ಮೇಲೆ ವಿದ್ವಾಂಸರಿಗೆ ಸಂಬಳ ಕೊಟ್ಟಿದ್ದು ರಾಜಭವನ ರಸ್ತೆಯ ಆ ಆಫೀಸು ಅಂತ.

ಮಲ್ಲೇಶ್ವರದ ಸೊಸೆ:
ಚಂದಾ ಚಂದಾ ಅಂತ ಎಲ್ಲರೂ ಹಿಗ್ಗುತ್ತಿದ್ದೀರಿ. ಒಂದು ಮಾತು ಸೇರಿಸಲಾ? ಮಂಡಳಿಗಳು ಬರುವ ಮೊದಲು ಪೇಟೆಯಲ್ಲಿ ಸಂಗೀತ ಇರಲಿಲ್ಲವಾ? ಇತ್ತು. ಹೆಣ್ಣುಮಕ್ಕಳ ಮನೆಗಳಲ್ಲಿ ಇತ್ತು. ಗಾಯಕಿ ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು ನಂಜನಗೂಡಿನಲ್ಲಿ, 1878ರಲ್ಲಿ. ಹೆಸರಿನ ಹಿಂದೆ ಉಳಿದದ್ದು ಬೆಂಗಳೂರು. ದೇವದಾಸಿ ಮನೆತನದವರು. ಆಮೇಲೆ ಮದ್ರಾಸಿಗೆ ಹೋದರು, ತಮ್ಮ ದುಡ್ಡು ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅಂದಾಗ ಹೆಂಗಸರದ್ದೇ ಒಂದು ಗುಂಪು ಕಟ್ಟಿ ಹಾಡಿಸಿದರು. ಅದು ಒಬ್ಬ ಹೆಂಗಸಿನ ಸ್ವಂತ ದುಡಿಮೆ, ಚಂದಾ ಅಲ್ಲ.

ಸಭಾ ಬಂದ ಮೇಲೆ ಸಂಗೀತ ಮರ್ಯಾದಸ್ಥರದ್ದಾಯಿತು ಅಂತ ನಮ್ಮ ಮಾವನವರು ಹೆಮ್ಮೆಯಿಂದ ಹೇಳುತ್ತಿದ್ದರು. ಮೊದಲಿದ್ದವರಿಗೆ ಏನು ಇರಲಿಲ್ಲ ಅಂತ ಆ ಮಾತಿನ ಅರ್ಥ? ಮದುವೆಯಾಗಿ ಬಂದ ಹೊಸದು, ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ಮಾಗಡಿ ರೋಡ್ ತಮಟೆ:
ಅಕ್ಕ ಶುರು ಮಾಡಿದ್ದನ್ನ ನಾನು ಮುಂದುವರಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಗಣೇಶನ ಹಬ್ಬಕ್ಕೆ ಎಲ್ಲರೂ ಚಂದಾ ಕೊಡುತ್ತಾರೆ. ನಮ್ಮ ಬೀದಿಯವರೂ ಕೊಡುತ್ತಾರೆ. ಆ ದುಡ್ಡಲ್ಲಿ ಆರ್ಕೆಸ್ಟ್ರಾದವರಿಗೆ ಸ್ಟೇಜು, ಲೈಟು, ಊಟ, ಅಡ್ವಾನ್ಸು. ತಮಟೆಯವರಿಗೆ ಏನು? ಬೀದಿ. ಗಣಪತಿ ಬಿಡುವ ದಿನ ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ರಾತ್ರಿವರೆಗೂ ನಡೆದುಕೊಂಡೇ ಹೊಡೆಯಬೇಕು. ಹೋದ ಸಲ ಒಂದು ಕಮಿಟಿಯವರು ಒಪ್ಪಿಕೊಂಡಿದ್ದು ಒಂದು, ಕೈಗೆ ಇಟ್ಟಿದ್ದು ಅದರ ಮುಕ್ಕಾಲು. "ಮುಂದಿನ ವರ್ಷ ಸೇರಿಸಿ ಕೊಡುತ್ತೇವೆ ಬಿಡಪ್ಪ" ಅಂದರು. ಸ್ಟೇಜಿನ ಮೇಲೆ ಹಾಡಿದವರಿಗೆ ಹಾರ, ನಮಗೆ ಮುಂದಿನ ವರ್ಷ.

ಸಾವಿಗೆ ಬೇಕು ತಮಟೆ, ಮೆರವಣಿಗೆಗೆ ಬೇಕು, ಎಲೆಕ್ಷನ್ನಿಗೆ ಬೇಕು, ಕ್ರಿಕೆಟ್ ಗೆದ್ದರೆ ಬೇಕು. ಕುರ್ಚಿ ಹಾಕಿಕೊಂಡು ಕೂತು ಕೇಳಿದವರನ್ನ ನಾನು ನೋಡಿಲ್ಲ. ನೀವು ಫುಟ್‌ಪಾತಿನಲ್ಲಿ ಕೂತು ಕೇಳಿದೆವು ಅಂತ ಖುಷಿಯಾಗಿ ಬರೆದಿದ್ದೀರಿ. ಒಳಗೆ ಹೋಗುವುದು ಬಿಡುವುದು ನಿಮ್ಮ ಇಷ್ಟ ಆಗಿತ್ತು ಅಲ್ವಾ ಸಾರ್?

ಕರಗದ ರಾತ್ರಿ ಮಾತ್ರ ಬೇರೆ. ಧರ್ಮರಾಯನ ಗುಡಿಯಿಂದ ಕರಗ ಹೊರಟರೆ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತದೆ, ಇಡೀ ಪೇಟೆ ಎದ್ದಿರುತ್ತದೆ. ಅವತ್ತು ಸದ್ದು ಮಾಡುವವರು ಮುಂದೆ, ಉಳಿದವರು ಹಿಂದೆ.

ಚಾಮರಾಜಪೇಟೆ ಐದನೇ ಮೈನ್:
ಮಾಗಡಿ ರೋಡ್ ಅವರೇ, ನೀವು ಕೇಳಿದ್ದು ಸರಿ. ಅಪ್ಪ ಬ್ಯಾಂಕಿನಲ್ಲಿದ್ದರು, ಟಿಕೆಟ್ ತೆಗೆಯಲು ಆಗುತ್ತಿತ್ತು, ತೆಗೆಯಲಿಲ್ಲ ಅಷ್ಟೇ. ಆಚೆ ಗಾಳಿ ಚೆನ್ನಾಗಿರುತ್ತದೆ ಅನ್ನುತ್ತಿದ್ದರು. ಕಟ್ಟಿದವರ ಬಗ್ಗೆ ಬರೆಯುವ ಭರದಲ್ಲಿ, ಅವರು ಯಾರನ್ನ ಹೊರಗೆ ಬಿಟ್ಟರು ಅಂತ ಯೋಚಿಸಿಯೇ ಇರಲಿಲ್ಲ. ಮಲ್ಲೇಶ್ವರದ ಅಕ್ಕನಿಗೂ ಇದೇ ಉತ್ತರ.

ಗಾಂಧಿನಗರ ಕೀಬೋರ್ಡ್:
ಆರ್ಕೆಸ್ಟ್ರಾದವರ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ. ಅಣ್ಣ, ನಮಗೂ ಎಷ್ಟೋ ಸಲ "ಮುಂದಿನ ವರ್ಷ" ಆಗಿದೆ!

ಕನ್ನಡ ಸಿನಿಮಾ ಗಾಂಧಿನಗರದಲ್ಲಿ ಇದ್ದರೂ ಹಾಡು ರೆಕಾರ್ಡ್ ಆಗುತ್ತಿದ್ದುದು ಬಹಳ ಕಾಲ ಮದ್ರಾಸಿನಲ್ಲಿ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಅಣ್ಣತಮ್ಮಂದಿರು ಸಂಕೇತ್ ಸ್ಟುಡಿಯೋ ಮಾಡಿದ ಮೇಲೆ ಸ್ವಲ್ಪ ಬದಲಾಯಿತು. ಅಲ್ಲಿಯವರೆಗೆ ಇಲ್ಲಿನ ವಾದ್ಯದವರಿಗೆ ಸ್ಟುಡಿಯೋ ಕೂಲಿ ಅನ್ನೋದೇ ಅಪರೂಪ. ಹೊಟ್ಟೆ ತುಂಬಬೇಕು ಅಂದರೆ ಗಣೇಶನ ಹಬ್ಬ, ಅಣ್ಣಮ್ಮ ದೇವಿಯ ಉತ್ಸವ, ರಾಜ್ಯೋತ್ಸವ. ನವೆಂಬರ್ ತಿಂಗಳು ಪೂರ್ತಿ ನಮಗೆ ಸುಗ್ಗಿ. ಒಂದು ರಾತ್ರಿಗೆ ಎರಡು ಆಟೋ ಸ್ಟ್ಯಾಂಡ್, ಎರಡೂ ಕಡೆ ಶಂಕರಣ್ಣನ ಫೋಟೋ, ಎರಡೂ ಕಡೆ ಅಣ್ಣಾವ್ರ ಹಾಡಿನಿಂದಲೇ ಶುರು. ಹಾಡುವವರು ಅಣ್ಣಾವ್ರ ಉಸಿರನ್ನೂ ಹಾಗೇ ತೆಗೆಯಬೇಕು, ಇಲ್ಲಾಂದರೆ ಕೆಳಗಿನಿಂದ ಕೂಗು ಬೀಳುತ್ತದೆ. ಹೀಗೆ ಬೆಂಗಳೂರಿನ ಸ್ಟೇಜು ಹೊಸ ಹಾಡಿಗಿಂತ ಹಳೇ ಹಾಡನ್ನ ತಪ್ಪಿಲ್ಲದೆ ಹಾಡೋದಕ್ಕೆ ಜನರನ್ನ ತಯಾರು ಮಾಡಿತು. ಒಳ್ಳೆಯದಾ ಕೆಟ್ಟದ್ದಾ, ನೀವೇ ಹೇಳಿ.

ಜಯನಗರ ನಾಲ್ಕನೇ ಬ್ಲಾಕ್:
ನನಗೆ ಅರಮನೆ ಮೈದಾನದ ಬಗ್ಗೆ ಯೋಚಿಸಿದರೆ ನಗು ಬರುತ್ತದೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ದೊಡ್ಡ ಹುಚ್ಚಿನವರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರು. ಮೆಟ್ನರ್ ಅನ್ನುವ ರಷ್ಯಾದ ಪಿಯಾನೋ ರಚನಕಾರ ಲಂಡನ್ನಿನಲ್ಲಿ ಯಾರೂ ಕೇಳುವವರಿಲ್ಲದೆ ಇದ್ದಾಗ ಅವರ ಸಂಗೀತವನ್ನ ತಮ್ಮ ಖರ್ಚಲ್ಲಿ ರೆಕಾರ್ಡ್ ಮಾಡಿಸಿದರು. ಅವರದೇ ಬೆಂಗಳೂರು ಅರಮನೆಯ ಬಯಲಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲಾ ಹೊರದೇಶದ ರಾಕ್ ಬ್ಯಾಂಡುಗಳು. ನಡುವೆ 2005ರಲ್ಲಿ ಅದೇ ಬಯಲಲ್ಲಿ ಅಶ್ವಥ್ ಅವರ ಭಾವಗೀತೆಗೆ ಜನಸಾಗರ. ಯಾವ ಪಬ್ಬೂ ಯಾವ ಸಭಾವೂ ಮಾಡದ್ದನ್ನ ಒಂದು ಖಾಲಿ ಜಾಗ ಮಾಡಿತು.

ಇನ್ನೊಂದು. ಪೇಟೆ, ದಂಡು ಬೇರೆ ಬೇರೆ ಅಂತ ಎಲ್ಲರೂ ಒಪ್ಪಿಬಿಟ್ಟಿರಿ. ಟಿ.ಎ.ಎಸ್. ಮಣಿಯವರು 1964ರಿಂದ ತಾಳವಾದ್ಯದ ಕಾಲೇಜು ನಡೆಸಿದರು. ಅವರೂ ಆರ್.ಎ. ರಮಾಮಣಿಯವರೂ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ಒಂದು ಆಲ್ಬಂ ಮಾಡಿದರು. ಬಾಯಲ್ಲಿ ತಾಳದ ಸೊಲ್ಲು ಹೇಳುವ ಕೊನ್ನಕೋಲು, ಮೃದಂಗ, ಪಕ್ಕದಲ್ಲಿ ಸ್ಯಾಕ್ಸ್. ನಮ್ಮ ಅಣ್ಣನ ಕ್ಯಾಸೆಟ್ಟಿನಲ್ಲಿ ಕೇಳಿದ್ದೆ. ಆಗ ಫ್ಯೂಷನ್ ಅನ್ನುವ ಪದ ಹೋಟೆಲ್ ಮೆನುವಿಗೆ ಇನ್ನೂ ಬಂದಿರಲಿಲ್ಲ.

ಕಾಕ್ಸ್‌ಟೌನ್ ಬೇಸ್ ಗಿಟಾರ್:
ಮೆಟಾಲಿಕಾಗೆ ನಾನೂ ಹೋಗಿದ್ದೆ. ಕೆಸರಲ್ಲಿ ಒಂದು ಶೂ ಹೋಯಿತು. ಬೇಜಾರಿಲ್ಲ.

ಬೇಜಾರಿರುವುದು ಬೇರೆ ವಿಷಯಕ್ಕೆ. ಲೈವ್ ಬ್ಯಾಂಡಿಗೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರ ಆದೇಶ. ಅದು ಬಂದದ್ದು ಬಾರಲ್ಲಿ ಹುಡುಗಿಯರನ್ನ ಕುಣಿಸುವುದನ್ನ ಹಿಡಿತಕ್ಕೆ ತರಲು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಎತ್ತಿಹಿಡಿಯಿತು. ಆಗ ಗಿಟಾರ್ ಹಿಡಿದು ಸ್ಟೂಲಿನ ಮೇಲೆ ಕೂತು ಹಾಡುವವನೂ "ಲೈವ್ ಬ್ಯಾಂಡ್" ಆಗಿಬಿಟ್ಟ. ನಮ್ಮ ವಾರದ ಶೋ ನಡೆಯುತ್ತಿದ್ದ ಜಾಗದವರು ಒಂದು ಗುರುವಾರ ಫೋನ್ ಮಾಡಿ "ಬರಬೇಡಿ, ಟಿವಿಯಲ್ಲಿ ಮ್ಯಾಚ್ ಹಾಕುತ್ತೇವೆ" ಅಂದರು. ಹಿಂದಿನ ಎರಡು ಶೋ ದುಡ್ಡು ಇವತ್ತಿಗೂ ಬಂದಿಲ್ಲ.

ಬಳೇಪೇಟೆ ಮೃದಂಗ:
ರೂಲಿನ ಕಾಟ ನಮಗೂ ಇದೆ, ರಾತ್ರಿ ಹತ್ತರದ್ದು. ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಲೇಬೇಕು. ಹಿಂದೆ ರಾಮನವಮಿ ಕಛೇರಿಗಳು ನಡುರಾತ್ರಿ ಮುಟ್ಟುತ್ತಿದ್ದವು ಅಂತ ನಮ್ಮ ಗುರುಗಳು ಹೇಳುತ್ತಿದ್ದರು. ಈಗ ಗಾಯಕರು ಒಂಬತ್ತಾದರೆ ವಾಚು ನೋಡುತ್ತಾರೆ. ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ತನಿಗೆ.

ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದೇ ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸಲಿ ಅಂತ. ಇವತ್ತು ಇದ್ದಿದ್ದರೆ ಹತ್ತರ ಮೇಲೂ ನುಡಿಸಬಹುದಿತ್ತು, ಮೈಕ್ ಬೇಡವಲ್ಲ!

ಲಗ್ಗೆರೆ ರ‍್ಯಾಪ್:
ಅಂಕಲ್‌ಗಳೇ, ನಮ್ಮನ್ನ ಮರೆತೇಬಿಟ್ಟಿರಲ್ಲ. ಸಭಾ ಇಲ್ಲ, ಪಬ್ಬಿಲ್ಲ, ಚಂದಾ ಇಲ್ಲ. ಫೋನು, ಬೀಟು, ಬೆಡ್‌ಶೀಟ್ ಕಟ್ಟಿದ ಬಚ್ಚಲುಮನೆ, ಅಲ್ಲೇ ರೆಕಾರ್ಡಿಂಗ್. ಆಲ್ ಓಕೆ, ಚಂದನ್ ಶೆಟ್ಟಿ ಇವರನ್ನೆಲ್ಲಾ ಯೂಟ್ಯೂಬಲ್ಲಿ ನೋಡಿ ಬೆಳೆದವರು ನಾವು. ನಾನು ಬರೆಯೋದು ನಮ್ಮ ಬೀದಿಯ ಕನ್ನಡದಲ್ಲಿ, ಅದರಲ್ಲಿ ಅರ್ಧ ತಮಿಳು, ಕಾಲು ಉರ್ದು. ತಮಟೆ ಅಣ್ಣ, ನಿಮ್ಮ ಏಟನ್ನ ಸ್ಯಾಂಪಲ್ ಮಾಡಲಾ? ದುಡ್ಡು ಕೊಡುತ್ತೇನೆ. ಜಾಸ್ತಿ ಇಲ್ಲ, ಆದರೆ ಅವತ್ತೇ ಕೊಡುತ್ತೇನೆ.

ಮಾಗಡಿ ರೋಡ್ ತಮಟೆ:
ಬಾ ತಮ್ಮ. ಸ್ಯಾಂಪಲ್ ಯಾಕೆ, ಜೊತೆಗೇ ಹೊಡೆಯೋಣ.

ಚಾಮರಾಜಪೇಟೆ ಐದನೇ ಮೈನ್:
ಇಷ್ಟನ್ನೂ ಮಾವನಿಗೆ ವಾಟ್ಸಾಪ್ ಮಾಡಿದ್ದೆ. ಬೆಳಗ್ಗೆ ಉತ್ತರ ಬಂತು. "ಅಶ್ವಥ್ ಐಟಿಐನವರು ಅಂತ ಗೊತ್ತಿರಲಿಲ್ಲ. ಚೌಡಯ್ಯ ಮಾತ್ರ ನಮ್ಮವರೇ."

ಮಾಗಡಿ ರೋಡ್ ಅವರೇ, ನಾವೂ ಬರಬಹುದಾ? ಕುರ್ಚಿ ನಾವೇ ತರುತ್ತೇವೆ.

ಮಾಗಡಿ ರೋಡ್ ತಮಟೆ:
ಶನಿವಾರ ಸಂಜೆ ಆರಕ್ಕೆ ಬನ್ನಿ ಸಾರ್, ಹತ್ತರೊಳಗೆ ಮುಗಿಸಬೇಕು. ಬಾಡಿಗೆಗೆ ಹೋದರೆ ಫೈಬರ್ ತಮಟೆ, ಪ್ರಾಕ್ಟೀಸಿಗೆ ಚರ್ಮದ್ದೇ. ಅದನ್ನ ಕಾಯಿಸಲು ಬೆಂಕಿ ಬೇಕು. ನೀವು ಫುಟ್‌ಪಾತಿಗೆ ಹಾಸುತ್ತಿದ್ದ ಹಳೇ ಪೇಪರು ಇನ್ನೂ ಮನೆಯಲ್ಲಿದ್ದರೆ ತನ್ನಿ.